ಹನ್ನೊಂದೇ ಎಪಿ ಇರುವ ಸಣ್ಣ ಹೈಸ್ಕೂಲು ಸಾಕಾ?

ಪ್ರಶ್ನೆ: ನಾವು ಎಂಟು ವರ್ಷದಿಂದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಈಗ ಸ್ವಂತ ಮನೆಗೆ ನೋಡುತ್ತಿದ್ದೇವೆ. ಅರ್ಧ ಗಂಟೆ ದೂರದ ಒಂದು ಸಣ್ಣ ಟೌನ್‌ನಲ್ಲಿ ಮನೆ ತುಂಬಾ ಇಷ್ಟವಾಗಿದೆ. ಆದರೆ ಅಲ್ಲಿಯ ಪಬ್ಲಿಕ್ ಹೈಸ್ಕೂಲಿನಲ್ಲಿ ಒಟ್ಟು 430 ಮಕ್ಕಳು, ಎಪಿ ಕೋರ್ಸ್ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಪಾಠ) 11 ಮಾತ್ರ. ಇಲ್ಲಿಯ ದೊಡ್ಡ ಸ್ಕೂಲುಗಳಲ್ಲಿ ಅದರ ಎರಡರಷ್ಟಿವೆ. ಮಗಳು ಈಗ ಏಳನೇ ಗ್ರೇಡ್. ಮ್ಯಾತ್‌ನಲ್ಲಿ ಚುರುಕು, ವಯೊಲಿನ್ ನುಡಿಸುತ್ತಾಳೆ. ಸಣ್ಣ ಸ್ಕೂಲಿಗೆ ಹೋದರೆ ಓದಿನಲ್ಲಿ ಹಿಂದೆ ಬೀಳುತ್ತಾಳಾ? ನಮ್ಮ ಯಜಮಾನರು ‘ಬೇಡವೇ ಬೇಡ’ ಅಂತಿದ್ದಾರೆ.

ಉತ್ತರ: ನಮಸ್ಕಾರ ಮೇಡಂ. ನ್ಯೂಜೆರ್ಸಿಯಲ್ಲಿ ಒಂದು ದೊಡ್ಡ ಹೈಸ್ಕೂಲು, ಒಂದು ಸಣ್ಣ ಹೈಸ್ಕೂಲು, ಎರಡರಲ್ಲೂ ಮ್ಯಾತ್ ಹೇಳಿಕೊಟ್ಟಿದ್ದೇನೆ. ಹಾಗಾಗಿ ಯಜಮಾನರ ಭಯ ನನಗೆ ಗೊತ್ತು. ಅದು ಸುಳ್ಳು ಭಯ ಅಲ್ಲ. ಆದರೆ ಅವರು ಎಣಿಸುತ್ತಿರುವ ಸಂಖ್ಯೆ ತಪ್ಪು. ಹನ್ನೊಂದಾ ಇಪ್ಪತ್ತೆರಡಾ ಅನ್ನೋದಕ್ಕಿಂತ, ಆ ಹನ್ನೊಂದರಲ್ಲಿ ನಿಮ್ಮ ಮಗಳ ಕೈಗೆ ಎಷ್ಟು ಸಿಗುತ್ತವೆ ಅನ್ನೋದು ನೋಡಬೇಕು. ಅದಕ್ಕೆ ಉತ್ತರ ಸ್ಕೂಲಿನ ವೆಬ್‌ಸೈಟಿನಲ್ಲಿರುವ ಕೋರ್ಸ್ ಪುಸ್ತಕದಲ್ಲಿ ಇರೋದಿಲ್ಲ. ಇರೋದು ಮಾಸ್ಟರ್ ಷೆಡ್ಯೂಲ್‌ನಲ್ಲಿ. ಅಂದ್ರೆ ಇಡೀ ಸ್ಕೂಲಿನ ಟೈಮ್‌ಟೇಬಲ್ಲು.

ಮೊದಲು ಒಂದು ಮಾತು, ಊರಿನಲ್ಲಿರುವ ಅಜ್ಜ ಅಜ್ಜಿಯರಿಗೆ ನೀವು ಫೋನಿನಲ್ಲಿ ವಿವರಿಸಬೇಕಾಗಿ ಬರುತ್ತಲ್ಲ, ಅದಕ್ಕೆ. ಬೆಂಗಳೂರಿನಲ್ಲಿ ‘ಪಬ್ಲಿಕ್ ಸ್ಕೂಲ್’ ಅಂತ ಬೋರ್ಡ್ ಇದ್ದರೆ ಹೆಚ್ಚಾಗಿ ಅದು ಡೊನೇಷನ್ ಕೊಟ್ಟು ಸೇರುವ ಖಾಸಗಿ ಶಾಲೆ. ಇಲ್ಲಿ ಪಬ್ಲಿಕ್ ಅಂದ್ರೆ ಅಪ್ಪಟ ಸರ್ಕಾರಿ. ಫೀಸಿಲ್ಲ. ಆದರೆ ಮನೆಯ ಪ್ರಾಪರ್ಟಿ ಟ್ಯಾಕ್ಸ್‌ನಲ್ಲಿ ಆ ಫೀಸು ಅಡಗಿ ಕೂತಿದೆ. ನ್ಯೂಜೆರ್ಸಿಯಲ್ಲಿ ಸರಾಸರಿ ಮನೆಯ ಪ್ರಾಪರ್ಟಿ ಟ್ಯಾಕ್ಸ್ 2024ರಲ್ಲಿ ವರ್ಷಕ್ಕೆ 10,000 ಡಾಲರ್ ದಾಟಿತು. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹೋಗೋದು ಶಾಲೆಗಳಿಗೇ. ಹಾಗಾಗಿ ಮನೆ ಆರಿಸೋದು ಅಂದ್ರೆ ಶಾಲೆ ಆರಿಸೋದು. ನೀವು ತಲೆ ಕೆಡಿಸಿಕೊಂಡಿದ್ದರಲ್ಲಿ ತಪ್ಪೇನಿಲ್ಲ.

ಇಷ್ಟು ಸಣ್ಣ ಹೈಸ್ಕೂಲು ಯಾಕೆ ಉಳಿದಿದೆ ಅಂತಲೂ ಕೇಳಬಹುದು. 1959ರಲ್ಲಿ ಹಾರ್ವರ್ಡ್‌ನ ಮಾಜಿ ಅಧ್ಯಕ್ಷ ಜೇಮ್ಸ್ ಕೊನಂಟ್ ಅಮೆರಿಕದ ಹೈಸ್ಕೂಲುಗಳ ಬಗ್ಗೆ ಒಂದು ವರದಿ ಕೊಟ್ಟರು. ಕೊನೆಯ ವರ್ಷದ ಕ್ಲಾಸಿನಲ್ಲಿ ನೂರು ಮಕ್ಕಳಾದರೂ ಇಲ್ಲದ ಸ್ಕೂಲು ಒಳ್ಳೆಯ ಕೋರ್ಸುಗಳನ್ನು ಕೊಡಲಾರದು ಅಂತ ಅವರ ವಾದ. ದೇಶದ ಎಷ್ಟೋ ಕಡೆ ಸಣ್ಣ ಸ್ಕೂಲುಗಳನ್ನು ಸೇರಿಸಿ ದೊಡ್ಡದು ಮಾಡಿದ ಕಾಲ ಅದು. ನ್ಯೂಜೆರ್ಸಿ ಮಾತ್ರ ಜಗ್ಗಲಿಲ್ಲ. ಇಲ್ಲಿ 564 ಊರುಗಳಿವೆ, ಪ್ರತಿ ಊರಿಗೂ ತನ್ನ ಶಾಲೆ ತಾನೇ ನಡೆಸಬೇಕು ಅನ್ನೋ ಹಟ. ಹೈಸ್ಕೂಲು ನಡೆಸೋಕೆ ಆಗದಷ್ಟು ಸಣ್ಣ ಊರುಗಳು ಪಕ್ಕದೂರಿಗೆ ಮಕ್ಕಳನ್ನು ಕಳಿಸುತ್ತವೆ. ಕ್ರಾನ್‌ಬರಿಯ ಮಕ್ಕಳು ಎಂಟನೇ ಗ್ರೇಡ್ ಮುಗಿಸಿ ಪ್ರಿನ್ಸ್‌ಟನ್ ಹೈಸ್ಕೂಲಿಗೆ ಹೋಗೋದು ಹೀಗೇ. ನೀವು ನೋಡಿರುವ ಊರು ತನ್ನದೇ ಹೈಸ್ಕೂಲು ಇಟ್ಟುಕೊಂಡಿದೆ. ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ಗ್ರೇಡಿಗೆ 430 ಮಕ್ಕಳೆಂದರೆ ಒಂದು ಗ್ರೇಡಿಗೆ 105–110. ಕೊನಂಟ್ ಲೆಕ್ಕದಲ್ಲಿ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟಿದೆ, ಅಷ್ಟೇ.

ಈಗ ಟೈಮ್‌ಟೇಬಲ್ಲಿನ ಕಥೆಗೆ ಬರೋಣ. ಅಸಲಿ ವಿಷಯ ಇಲ್ಲಿದೆ.

ನಮ್ಮ ಪಿಯುಸಿಯಲ್ಲಿ ಪಿಸಿಎಂಬಿ, ಪಿಸಿಎಂಸಿ ಅಂತ ಕಟ್ಟಿಟ್ಟ ಕಾಂಬಿನೇಷನ್ ಇರುತ್ತೆ. ಒಂದು ಸೆಕ್ಷನ್ನಿನವರೆಲ್ಲ ಒಟ್ಟಿಗೆ ಕೂತಿರುತ್ತಾರೆ, ಲೆಕ್ಚರರ್ ಬಂದು ಹೋಗುತ್ತಾರೆ. ಇಲ್ಲಿ ಹಾಗಲ್ಲ. ಪ್ರತಿ ಮಗುವೂ ತನ್ನ ತಟ್ಟೆಗೆ ತಾನೇ ಬಡಿಸಿಕೊಳ್ಳುತ್ತೆ. ಗಂಟೆ ಹೊಡೆದಾಗ ಮಕ್ಕಳೇ ಕೋಣೆಯಿಂದ ಕೋಣೆಗೆ ಓಡುತ್ತಾರೆ. ದಿನಕ್ಕೆ ಎಂಟು ಪೀರಿಯಡ್ ಅಂತಿಟ್ಟುಕೊಳ್ಳಿ. ಎರಡು ಸಾವಿರ ಮಕ್ಕಳ ಸ್ಕೂಲಿನಲ್ಲಿ ಎಪಿ ಕ್ಯಾಲ್ಕ್ಯುಲಸ್ ನಾಲ್ಕು ಸೆಕ್ಷನ್ ನಡೆಯುತ್ತೆ. ಎರಡನೇ ಪೀರಿಯಡ್ ಆಗದಿದ್ದರೆ ಐದನೆಯದು, ಅದೂ ಆಗದಿದ್ದರೆ ಏಳನೆಯದು. ಸಣ್ಣ ಸ್ಕೂಲಿನಲ್ಲಿ ಅದು ಒಂದೇ ಸೆಕ್ಷನ್. ಸ್ಕೂಲಿನವರ ಭಾಷೆಯಲ್ಲಿ ‘ಸಿಂಗಲ್‌ಟನ್’. ಎಪಿ ಕೆಮಿಸ್ಟ್ರಿಯೂ ಸಿಂಗಲ್‌ಟನ್, ಫ್ರೆಂಚ್ ನಾಲ್ಕನೇ ಹಂತವೂ ಸಿಂಗಲ್‌ಟನ್, ಆರ್ಕೆಸ್ಟ್ರಾನೂ ಸಿಂಗಲ್‌ಟನ್. ಹತ್ತು ಸಿಂಗಲ್‌ಟನ್‌ಗಳನ್ನು ಎಂಟು ಪೀರಿಯಡ್‌ಗಳಲ್ಲಿ ತುಂಬಿಸಿದರೆ ಎಲ್ಲೋ ಒಂದು ಕಡೆ ಎರಡು ಒಂದರ ಮೇಲೊಂದು ಬೀಳಲೇಬೇಕು.

ನಮ್ಮ ಸಣ್ಣ ಸ್ಕೂಲಿನಲ್ಲಿ ಒಂದು ಆಗಸ್ಟ್ ತಿಂಗಳು ನಡೆದದ್ದು ಹೇಳ್ತೀನಿ. ಹನ್ನೆರಡನೇ ಗ್ರೇಡಿಗೆ ಬರುತ್ತಿದ್ದ ಹುಡುಗ, ಚೆಲ್ಲೊ ನುಡಿಸುವವನು. ಕೋರ್ಸು, ಕಾಲೇಜಿನ ಬಗ್ಗೆ ಸಲಹೆ ಕೊಡುವ ಗೈಡೆನ್ಸ್ ಆಫೀಸಿನ ಹೊರಗಿನ ಕುರ್ಚಿಯಲ್ಲಿ ಷೆಡ್ಯೂಲ್ ಹಾಳೆ ಹಿಡಿದು ಕೂತಿದ್ದ. ನಾಲ್ಕನೇ ಪೀರಿಯಡ್ ಎದುರು ಆರ್ಕೆಸ್ಟ್ರಾ ಅಂತ ಅಚ್ಚಾಗಿತ್ತು. ಅದರ ಪಕ್ಕ ಪೆನ್ಸಿಲ್‌ನಲ್ಲಿ ಎಪಿ ಫಿಸಿಕ್ಸ್ ಸಿ, ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಮೂರು ವರ್ಷ ಕಾದು ಕೂತಿದ್ದ ಫಿಸಿಕ್ಸು, ಒಂಬತ್ತು ವರ್ಷ ನುಡಿಸಿದ ಚೆಲ್ಲೊ, ಎರಡಕ್ಕೂ ನಾಲ್ಕನೇ ಪೀರಿಯಡ್ಡೇ. ಕೋರ್ಸ್ ಪುಸ್ತಕದಲ್ಲಿ ಎರಡೂ ಇದ್ದವು, ಯಾರೂ ಸುಳ್ಳು ಹೇಳಿರಲಿಲ್ಲ. ಕೊನೆಗೆ ಅವನು ಫಿಸಿಕ್ಸ್ ತಗೊಂಡ. ಆರ್ಕೆಸ್ಟ್ರಾ ಮೇಷ್ಟ್ರು ಬೆಳಗ್ಗೆ ಸ್ಕೂಲು ಶುರುವಾಗುವ ಮುಂಚೆ ವಾರಕ್ಕೆ ಎರಡು ದಿನ ಅವನಿಗಾಗಿ ಬಂದರು. ಗೋಳೂ ಸಣ್ಣ ಸ್ಕೂಲಿನದೇ, ಔದಾರ್ಯವೂ ಸಣ್ಣ ಸ್ಕೂಲಿನದೇ. ದೊಡ್ಡ ಸ್ಕೂಲಿನಲ್ಲಾಗಿದ್ದರೆ ಆ ತಾಪತ್ರಯವೇ ಬರುತ್ತಿರಲಿಲ್ಲ. ಬಂದಿದ್ದರೆ ಒಬ್ಬ ಹುಡುಗನಿಗಾಗಿ ಯಾರೂ ಬೆಳಗ್ಗೆ ಬರುತ್ತಿರಲಿಲ್ಲ ಅನ್ನೋದೂ ನನ್ನ ಅನುಭವ.

ಇನ್ನೊಂದು ಒಳಗುಟ್ಟು. ಕೋರ್ಸ್ ಪುಸ್ತಕ ತೆರೆದು ಕೋರ್ಸಿನ ವಿವರಣೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಏನಿದೆ ಓದಿ. ‘ಸಾಕಷ್ಟು ಮಕ್ಕಳು ಸೇರಿದರೆ ಮಾತ್ರ’ ಅಂತ ಇರುತ್ತೆ. ನಮ್ಮೂರ ಕಡೆ ಡಿಗ್ರಿ ಕಾಲೇಜಿನಲ್ಲಿ ಆಪ್ಷನಲ್ ಕನ್ನಡಕ್ಕೆ ಇಬ್ಬರೇ ಸೇರಿದರು ಅಂತ ಆ ವರ್ಷ ತೆಗೆದೇ ಬಿಡುತ್ತಿದ್ದರಲ್ಲ, ಅದೇ ಕಥೆ. ಪುಸ್ತಕದಲ್ಲಿ ಹೆಸರು ಉಳಿದಿರುತ್ತೆ, ಕ್ಲಾಸು ಮೂರು ವರ್ಷದಿಂದ ನಡೆದಿರೋದಿಲ್ಲ. ಕೆಲವು ಸ್ಕೂಲುಗಳು ಎಪಿ ಬಯಾಲಜಿ ಒಂದು ವರ್ಷ, ಎಪಿ ಕೆಮಿಸ್ಟ್ರಿ ಮರುವರ್ಷ ಅಂತ ಪಾಳಿ ಹಾಕಿ ನಡೆಸುತ್ತವೆ. ಅದು ಜಾಣತನವೇ, ತಪ್ಪಲ್ಲ. ಆದರೆ ಮಗಳು ಹನ್ನೊಂದನೇ ಗ್ರೇಡಿಗೆ ಬಂದ ವರ್ಷ ಯಾವುದರ ಪಾಳಿ ಅಂತ ಈಗಲೇ ಲೆಕ್ಕ ಹಾಕಿಟ್ಟುಕೊಳ್ಳಬೇಕು.

ಮೇಷ್ಟ್ರುಗಳ ವಿಷಯ. ಸಣ್ಣ ಸ್ಕೂಲಿನಲ್ಲಿ ಫಿಸಿಕ್ಸ್ ಹೇಳಿಕೊಡುವವರು ಒಬ್ಬರೇ ಇರಬಹುದು. ಅವರು ಚೆನ್ನಾಗಿದ್ದರೆ ನಿಮ್ಮ ಮಗಳ ಅದೃಷ್ಟ. ಎರಡು ವರ್ಷ ಅವರ ಕೈಯಲ್ಲೇ ಕಲಿಯುತ್ತಾಳೆ, ಕಾಲೇಜಿಗೆ ಶಿಫಾರಸು ಪತ್ರ ಬರೆಯುವಾಗ ಅವರಿಗೆ ಇವಳ ಲ್ಯಾಬ್ ನೋಟ್‌ಬುಕ್ಕಿನ ಅಕ್ಷರ ಕೂಡ ನೆನಪಿರುತ್ತೆ. ಅವರು ಬೇಸಿಗೆಯಲ್ಲಿ ಬೇರೆ ಊರಿಗೆ ಹೋದರೆ ಸೆಪ್ಟೆಂಬರಿನಲ್ಲಿ ಯಾರು ಬರುತ್ತಾರೋ ದೇವರೇ ಬಲ್ಲ. ನ್ಯೂಜೆರ್ಸಿಯಲ್ಲಿ ಶಾಲೆಗಳಿಗಾಗಿ ವಸೂಲು ಮಾಡುವ ತೆರಿಗೆಯನ್ನು ಸಾಮಾನ್ಯವಾಗಿ ವರ್ಷಕ್ಕೆ ಶೇ 2ಕ್ಕಿಂತ ಏರಿಸುವಂತಿಲ್ಲ ಅನ್ನೋ ಮಿತಿ 2010ರ ಕಾನೂನಿನಿಂದ ಇದೆ. ಮೇಷ್ಟ್ರುಗಳ ಹೆಲ್ತ್ ಇನ್ಷೂರೆನ್ಸ್, ಬಸ್ಸಿನ ಖರ್ಚು ಆ ಮಿತಿ ಕೇಳೋದಿಲ್ಲ. ದೊಡ್ಡ ಡಿಸ್ಟ್ರಿಕ್ಟ್ (ಊರಿನ ಶಾಲೆಗಳನ್ನು ನಡೆಸುವ ಆಡಳಿತ) ಒಂದು ಹುದ್ದೆ ಕಡಿಮೆ ಮಾಡಿದರೆ ಕ್ಲಾಸಿನಲ್ಲಿ ಇಬ್ಬರು ಮಕ್ಕಳು ಜಾಸ್ತಿ ಆಗ್ತಾರೆ. ಸಣ್ಣದು ಒಂದು ಹುದ್ದೆ ತೆಗೆದರೆ ಒಂದು ಭಾಷೆಯೇ ಮಾಯ. ಹಾಗಾಗಿ ಮನೆಗೆ ಆಫರ್ ಹಾಕುವ ಮುಂಚೆ ಆ ಊರಿನ ಸ್ಕೂಲ್ ಬೋರ್ಡ್ ಮೀಟಿಂಗಿನ ಬಜೆಟ್ ಟಿಪ್ಪಣಿ ಎರಡು ವರ್ಷದ್ದಾದರೂ ಓದಿ. ವಸಂತದಲ್ಲಿ ನಡೆಯುವ ಮೀಟಿಂಗ್‌ಗಳವು. ಬೋರಿಂಗ್ ಅನ್ನಿಸುತ್ತೆ, ಆದರೆ ರಿಯಲ್ ಎಸ್ಟೇಟ್ ಏಜೆಂಟ್ ಹೇಳದ್ದೆಲ್ಲ ಅಲ್ಲಿರುತ್ತೆ.

ಈಗ ಮ್ಯಾತ್. ಇದು ನಿಮ್ಮ ಮಗಳಿಗೆ ಎಲ್ಲಕ್ಕಿಂತ ಮುಖ್ಯ, ನನಗೂ ಪ್ರಿಯವಾದದ್ದು. ಮಾಮೂಲಿ ದಾರಿಯಲ್ಲಿ ಒಂಬತ್ತರಲ್ಲಿ ಆಲ್ಜೀಬ್ರಾ 1, ಹತ್ತರಲ್ಲಿ ಜಿಯೊಮೆಟ್ರಿ, ಹನ್ನೊಂದರಲ್ಲಿ ಆಲ್ಜೀಬ್ರಾ 2, ಹನ್ನೆರಡರಲ್ಲಿ ಪ್ರೀಕ್ಯಾಲ್ಕ್ಯುಲಸ್. ಈ ದಾರಿಯಲ್ಲಿ ಹೋದವರು ಹೈಸ್ಕೂಲಿನಲ್ಲಿ ಕ್ಯಾಲ್ಕ್ಯುಲಸ್ ಮುಖವನ್ನೇ ನೋಡೋದಿಲ್ಲ. ಎಂಟರಲ್ಲೇ ಆಲ್ಜೀಬ್ರಾ 1 ಮುಗಿಸಿದವರಿಗೆ ಹನ್ನೆರಡರಲ್ಲಿ ಎಪಿ ಕ್ಯಾಲ್ಕ್ಯುಲಸ್ ಸಿಗುತ್ತೆ. ಏಳರಲ್ಲೇ ಮುಗಿಸಿದವರು ಹನ್ನೊಂದರಲ್ಲಿ ಕ್ಯಾಲ್ಕ್ಯುಲಸ್ ತಗೊಂಡು, ಹನ್ನೆರಡರಲ್ಲಿ ‘ಮುಂದೇನು?’ ಅಂತ ನಿಲ್ಲುತ್ತಾರೆ. ದೊಡ್ಡ ಸ್ಕೂಲಿನಲ್ಲಿ ಅವರಿಗೆ ಮಲ್ಟಿವೇರಿಯಬಲ್ ಕ್ಯಾಲ್ಕ್ಯುಲಸ್ ಕ್ಲಾಸೇ ಇರಬಹುದು. ಸಣ್ಣದರಲ್ಲಿ ಎಪಿ ಸ್ಟ್ಯಾಟಿಸ್ಟಿಕ್ಸ್ ಇದ್ದರೆ ಪುಣ್ಯ.

ನಿಮ್ಮ ಮಗಳು ಈಗ ಏಳನೆಯದರಲ್ಲಿ ಯಾವ ಮ್ಯಾತ್‌ನಲ್ಲಿದ್ದಾಳೆ ಅಂತ ನೀವು ಬರೆದಿಲ್ಲ. ಪ್ರೀ-ಆಲ್ಜೀಬ್ರಾ ಆಗಿದ್ದರೆ ಹೊಸ ಊರಿನ ಮಿಡ್ಲ್ ಸ್ಕೂಲಿನಲ್ಲಿ ಎಂಟಕ್ಕೆ ಆಲ್ಜೀಬ್ರಾ 1 ಇದೆಯಾ, ಬೇರೆ ಡಿಸ್ಟ್ರಿಕ್ಟಿನಿಂದ ಬಂದವರನ್ನು ಯಾವ ಪರೀಕ್ಷೆಯ ಮೇಲೆ ಸೇರಿಸಿಕೊಳ್ಳುತ್ತಾರೆ, ಇವೆರಡು ಕೇಳಿದರೆ ಸಾಕು. ಈಗಾಗಲೇ ಆಲ್ಜೀಬ್ರಾ 1ರಲ್ಲಿದ್ದರೆ ಮುಂದಿನ ವರ್ಷ ಜಿಯೊಮೆಟ್ರಿ ಎಲ್ಲಿ ಅಂತ ಕೇಳಲೇಬೇಕು. ಕೆಲವು ಸಣ್ಣ ಊರುಗಳಲ್ಲಿ ಅಂಥ ನಾಲ್ಕೈದು ಮಕ್ಕಳನ್ನು ಬೆಳಗ್ಗೆ ಮೊದಲ ಪೀರಿಯಡ್ಡಿಗೆ ಹೈಸ್ಕೂಲಿಗೆ ಕಳಿಸಿ, ಆಮೇಲೆ ಬಸ್ಸಿನಲ್ಲಿ ವಾಪಸು ಕರೆತರುತ್ತಾರೆ. ಕೆಲವು ಕಡೆ ‘ಅಂಥದ್ದು ನಮ್ಮಲ್ಲಿಲ್ಲ, ಇನ್ನೊಮ್ಮೆ ಆಲ್ಜೀಬ್ರಾ ಮಾಡಲಿ’ ಅಂತಾರೆ. ಹಾಗಂದರೆ ಅಲ್ಲಿಂದ ಎದ್ದು ಬನ್ನಿ. ಹನ್ನೊಂದು ಎಪಿ ಅಲ್ಲ, ಈ ಒಂದು ಮಾತು ನನ್ನ ಮನಸ್ಸು ಬದಲಿಸುತ್ತೆ.

ಹನ್ನೆರಡನೇ ಗ್ರೇಡಿನ ಆ ‘ಮುಂದೇನು?’ಗೆ ನ್ಯೂಜೆರ್ಸಿಯಲ್ಲಿ ಒಂದು ಹಿತ್ತಿಲ ಬಾಗಿಲಿದೆ. ‘ಆಪ್ಷನ್ ಟೂ’ ಅಂತಾರೆ. ಡಿಪ್ಲೊಮಾಕ್ಕೆ, ಅಂದ್ರೆ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರಕ್ಕೆ, ರಾಜ್ಯ ಕೇಳುವ 120 ಕ್ರೆಡಿಟ್‌ಗಳಲ್ಲಿ ಕೆಲವನ್ನು ಸ್ಕೂಲಿನ ಹೊರಗೆ ಗಳಿಸಲು ರಾಜ್ಯದ ನಿಯಮವೇ ದಾರಿ ಬಿಟ್ಟಿದೆ, ಸ್ಕೂಲು ಮೊದಲೇ ಒಪ್ಪಿಗೆ ಕೊಟ್ಟಿರಬೇಕು ಅಷ್ಟೇ. ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಾಲೇಜಿನಲ್ಲಿ ಕ್ಯಾಲ್ಕ್ಯುಲಸ್ 3 ಮಾಡೋದು, ಬೇಸಿಗೆಯಲ್ಲಿ ಜಿಯೊಮೆಟ್ರಿ ಮುಗಿಸೋದು, ಎಲ್ಲ ಇದರಡಿ ಬರುತ್ತೆ. ನಿಮ್ಮ ಎಡಿಸನ್‌ನಲ್ಲೇ ಮಿಡ್ಲ್‌ಸೆಕ್ಸ್ ಕಾಲೇಜಿದೆ. ಸಾಮರ್‌ಸೆಟ್, ಹಂಟರ್ಡನ್ ಕೌಂಟಿಗಳವರಿಗೆ ಬ್ರಾಂಚ್‌ಬರ್ಗ್‌ನಲ್ಲಿ ರಾರಿಟನ್ ವ್ಯಾಲಿ ಇದೆ. ‘ಕಳೆದ ಎರಡು ವರ್ಷದಲ್ಲಿ ಎಷ್ಟು ಮಕ್ಕಳು ಆಪ್ಷನ್ ಟೂ ತಗೊಂಡರು?’ ಅಂತ ಕೌನ್ಸೆಲರ್‌ರನ್ನು ಕೇಳಿ. ‘ಹಾಗಂದ್ರೇನು?’ ಅನ್ನೋ ಮುಖ ಮಾಡಿದರೆ ನಿಮಗೆ ಉತ್ತರ ಸಿಕ್ಕಂತೆ.

ಸ್ಕೂಲಿನಲ್ಲಿ ಕೋರ್ಸ್ ಇಲ್ಲದಿದ್ದರೂ ಎಪಿ ಪರೀಕ್ಷೆ ಬರೆಯಬಹುದು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೋರ್ಸ್ ಬೇರೆ, ಮೇ ತಿಂಗಳಿನ ಪರೀಕ್ಷೆ ಬೇರೆ. ಪರೀಕ್ಷೆ ನಡೆಸೋದು ಕಾಲೇಜ್ ಬೋರ್ಡ್, 1ರಿಂದ 5ರವರೆಗೆ ಅಂಕ. ಮನೆಯಲ್ಲೇ ಓದಿ, ಹೊರಗಿನವರನ್ನು ಕೂರಿಸಿಕೊಳ್ಳುವ ಹತ್ತಿರದ ಇನ್ನೊಂದು ಸ್ಕೂಲಿನಲ್ಲಿ ಬರೆಯಬಹುದು. ಹೆಸರು ನೋಂದಾಯಿಸೋದು ಮಾತ್ರ ಹಿಂದಿನ ನವೆಂಬರಿನೊಳಗೆ ಆಗಬೇಕು, ಏಪ್ರಿಲ್‌ನಲ್ಲಿ ಎಚ್ಚರವಾದರೆ ಪ್ರಯೋಜನವಿಲ್ಲ.

ಕಾಲೇಜಿನವರು ಎಪಿ ಎಣಿಸುತ್ತಾರಲ್ಲ ಅಂತ ಯಜಮಾನರು ಕೇಳಬಹುದು. ಎಣಿಸುತ್ತಾರೆ, ಆದರೆ ಸ್ಕೂಲಿನ ಪಕ್ಕದಲ್ಲಿಟ್ಟು. ಪ್ರತಿ ಅರ್ಜಿಯ ಜೊತೆ ಸ್ಕೂಲು ತನ್ನ ಪ್ರೊಫೈಲ್ ಕಳಿಸುತ್ತೆ, ಒಂದೆರಡು ಪುಟದ್ದು. ಎಷ್ಟು ಮಕ್ಕಳು, ಯಾವ ಯಾವ ಎಪಿ, ಗ್ರೇಡ್ ಹೇಗೆ ಕೊಡುತ್ತಾರೆ, ಎಲ್ಲ ಅದರಲ್ಲಿರುತ್ತೆ. ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಕೌನ್ಸೆಲರ್ ತುಂಬುವ ಹಾಳೆಯಲ್ಲಿ ಒಂದು ಪ್ರಶ್ನೆ ಇದೆ. ನಿಮ್ಮ ಸ್ಕೂಲಿನ ಕಾಲೇಜಿಗೆ ಹೋಗುವ ಬೇರೆ ಮಕ್ಕಳಿಗೆ ಹೋಲಿಸಿದರೆ ಈ ಮಗು ಆರಿಸಿಕೊಂಡ ಕೋರ್ಸುಗಳು ಎಷ್ಟು ಕಷ್ಟದವು ಅಂತ. ‘ಅತಿ ಕಠಿಣ’ ಅನ್ನೋ ಮನೆಗೆ ಟಿಕ್ ಬೀಳೋದು ಹನ್ನೊಂದರಲ್ಲಿ ಆರೇಳು ತಗೊಂಡವರಿಗೂ ಸಾಧ್ಯ. ಇಪ್ಪತ್ತೆರಡು ಇರುವ ಕಡೆ ಆರು ತಗೊಂಡರೆ ಆ ಟಿಕ್ ಅನುಮಾನ. ಆ ಪ್ರೊಫೈಲ್ ಗುಟ್ಟಿನ ಕಾಗದವೇನಲ್ಲ. ಗೈಡೆನ್ಸ್ ಪುಟದಲ್ಲಿ ಹಾಕಿರುತ್ತಾರೆ, ತೆಗೆದು ಓದಿ.

ರ‍್ಯಾಂಕಿಂಗ್ ಪಟ್ಟಿಗಳನ್ನು ಸುಮ್ನೆ ನಂಬಬೇಡಿ. ಯು.ಎಸ್. ನ್ಯೂಸ್ ಪಟ್ಟಿಯ ಲೆಕ್ಕದಲ್ಲಿ ಶೇ 40ರಷ್ಟು ತೂಕ ಎಪಿ, ಐಬಿ (ಎಪಿಯಂಥದ್ದೇ ಇನ್ನೊಂದು) ಪರೀಕ್ಷೆಗಳಿಗೇ ಇದೆ, ಅದರಲ್ಲಿ ಶೇ 10 ಎಷ್ಟು ಬಗೆಯ ವಿಷಯಗಳಲ್ಲಿ ಬರೆದರು, ಪಾಸಾದರು ಅನ್ನೋದಕ್ಕೆ. ಹನ್ನೊಂದೇ ಕೋರ್ಸಿರುವ ಸ್ಕೂಲಿಗೆ ಅಲ್ಲಿ ಏಟು ಬೀಳೋದು ಸಹಜ. ಇನ್ನು ಸಣ್ಣ ಸ್ಕೂಲಿನ ಸರಾಸರಿಗಳು ಬೇರೆ ಕುಣಿಯುತ್ತವೆ. ಎಪಿ ಕ್ಯಾಲ್ಕ್ಯುಲಸ್ ‘ಬಿ.ಸಿ.’ ಪರೀಕ್ಷೆಗೆ ಒಂಬತ್ತು ಮಕ್ಕಳು ಕೂತು, ಇಬ್ಬರು ಆ ದಿನ ಜ್ವರದಲ್ಲಿ ಬರೆದರೆ ಆ ವರ್ಷದ ಪಾಸಿನ ಪ್ರಮಾಣ ಪಾತಾಳಕ್ಕೆ. ಒಂದು ವರ್ಷದ ಅಂಕಿ ನೋಡಬೇಡಿ, ನಾಲ್ಕು ವರ್ಷದ್ದು ಒಟ್ಟಿಗೆ ಕೇಳಿ.

ಹಾಗಾದರೆ ಸಣ್ಣದೇ ಒಳ್ಳೆಯದು ಅಂತೀರಾ? ಇಲ್ಲ. ಸಣ್ಣದು ಅನ್ನೋದೇ ಒಂದು ಗುಣ ಅಂತ ಈ ದೇಶ ಒಮ್ಮೆ ನಂಬಿ ಕೈ ಸುಟ್ಟುಕೊಂಡಿದೆ. 2000ದ ದಶಕದಲ್ಲಿ ಗೇಟ್ಸ್ ಫೌಂಡೇಷನ್ ದೊಡ್ಡ ಹೈಸ್ಕೂಲುಗಳನ್ನು ಒಡೆದು ಸಣ್ಣದು ಮಾಡೋಕೆ, ಹೊಸ ಸಣ್ಣ ಸ್ಕೂಲು ಕಟ್ಟೋಕೆ ಸುಮಾರು 200 ಕೋಟಿ ಡಾಲರ್ ಸುರಿಯಿತು. ಅವುಗಳಲ್ಲಿ ಎಷ್ಟೋ ಸ್ಕೂಲುಗಳು ಕಲಿಕೆಯಲ್ಲಿ ಹೇಳಿಕೊಳ್ಳುವಷ್ಟು ಮೇಲೇರಲಿಲ್ಲ ಅಂತ 2009ರ ವಾರ್ಷಿಕ ಪತ್ರದಲ್ಲಿ ಬಿಲ್ ಗೇಟ್ಸ್ ಅವರೇ ಒಪ್ಪಿಕೊಂಡರು. ಕ್ಲಾಸಿನಲ್ಲಿ ಏನು ಕಲಿಸುತ್ತಾರೆ ಅನ್ನೋದು ಬದಲಾಗದಿದ್ದರೆ ಕಟ್ಟಡ ಸಣ್ಣದಾಗಿ ಏನು ಬಂತು?

ಸಣ್ಣ ಸ್ಕೂಲು ನಿಜವಾಗಿ ಗೆಲ್ಲೋದು ಬೇರೆ ಕಡೆ. ರೋಜರ್ ಬಾರ್ಕರ್, ಪಾಲ್ ಗಂಪ್ ಅನ್ನೋ ಇಬ್ಬರು ಕಾನ್ಸಾಸ್‌ನ ಹೈಸ್ಕೂಲುಗಳನ್ನು ಅಧ್ಯಯನ ಮಾಡಿ 1964ರಲ್ಲಿ ಪ್ರಕಟಿಸಿದರು. ಮೂವತ್ತು ಚಿಲ್ಲರೆ ಮಕ್ಕಳ ಸ್ಕೂಲಿನಿಂದ ಎರಡು ಸಾವಿರ ದಾಟಿದ್ದರವರೆಗೆ ನೋಡಿದ್ದರು. ದೊಡ್ಡ ಸ್ಕೂಲಿನಲ್ಲಿ ಚಟುವಟಿಕೆಗಳು ಜಾಸ್ತಿ. ಆದರೆ ಒಬ್ಬೊಬ್ಬ ಮಗುವೂ ಹೊಣೆ ಹೊತ್ತು ಮಾಡುವ ಕೆಲಸ ಸಣ್ಣ ಸ್ಕೂಲಿನಲ್ಲೇ ಜಾಸ್ತಿ. ಕಾರಣ ಸರಳ. ನಾಟಕಕ್ಕೆ ಹನ್ನೆರಡು ಪಾತ್ರ ಬೇಕು, ಇರೋರೇ ಅಷ್ಟು ಜನ. ನಾಚಿಕೆ ಪಡೋ ಮಗುವನ್ನೂ ಕೈ ಹಿಡಿದು ಎಳೆಯುತ್ತಾರೆ. ನಮ್ಮ ಸ್ಕೂಲಿನಲ್ಲಿ ಮ್ಯಾತ್ ಟೀಮಿನ ಹುಡುಗಿಯೇ ಸಾಕರ್ ಗೋಲ್‌ಕೀಪರ್, ಅವಳೇ ಇಯರ್‌ಬುಕ್ ಎಡಿಟರ್. ದೊಡ್ಡ ಸ್ಕೂಲಿನಲ್ಲಿ ಈ ಮೂರಕ್ಕೂ ಮೂರು ಜನ, ಅವರ ಹಿಂದೆ ಮೂವತ್ತು ಜನ ಕ್ಯೂ.

ದೊಡ್ಡ, ಪೈಪೋಟಿಯ ಸ್ಕೂಲುಗಳ ಇನ್ನೊಂದು ಮುಖ ನಮ್ಮವರಿಗೆ ಗೊತ್ತಿಲ್ಲದ್ದಲ್ಲ. 2015ರಲ್ಲಿ ವೆಸ್ಟ್ ವಿಂಡ್ಸರ್–ಪ್ಲೇನ್ಸ್‌ಬರೊ ಡಿಸ್ಟ್ರಿಕ್ಟಿನ ಸೂಪರಿಂಟೆಂಡೆಂಟ್ ಮಕ್ಕಳ ಮೇಲಿನ ಒತ್ತಡದ ಬಗ್ಗೆ ಪೋಷಕರಿಗೆ 16 ಪುಟದ ಪತ್ರ ಬರೆದರು. ಮಿಡ್‌ಟರ್ಮ್, ಫೈನಲ್ ಪರೀಕ್ಷೆ ತೆಗೆದರು, ಹೋಮ್‌ವರ್ಕ್ ಇಲ್ಲದ ರಾತ್ರಿಗಳನ್ನು ತಂದರು. ಊರು ಎರಡು ಪಾಲಾಯಿತು. ‘ಒಳ್ಳೆಯದಾಯ್ತು’ ಅಂದವರೂ ಇದ್ದರು, ‘ಮಟ್ಟ ಇಳಿಸಿದರು’ ಅಂದ ನಮ್ಮಂಥ ವಲಸಿಗ ಅಪ್ಪ ಅಮ್ಮಂದಿರೂ ಇದ್ದರು. ನಾನು ಯಾವ ಕಡೆ ಅಂತ ಕೇಳಬೇಡಿ, ವಾರಕ್ಕೊಮ್ಮೆ ಬದಲಾಗುತ್ತೆ.

ಒಂದು ಮಾತು ಯಜಮಾನರಿಗೆ ನೇರವಾಗಿ. ಎಪಿಯೇ ಬೇಕು ಅಂತಿದ್ದರೆ ಮೂರನೇ ದಾರಿಯೂ ಇದೆ, ಕೌಂಟಿ ಅಕಾಡೆಮಿಗಳು. ಇವೂ ಪಬ್ಲಿಕ್, ಇವೂ ಸಣ್ಣವು, ಆದರೆ ಅರ್ಜಿ ಹಾಕಿ ಆಯ್ಕೆಯಾಗಬೇಕು. ಮಿಡ್ಲ್‌ಸೆಕ್ಸ್ ಕೌಂಟಿಯದು ಎಡಿಸನ್‌ನಲ್ಲೇ ಇದೆ, ಮನ್ಮತ್ ಕೌಂಟಿಯ ಹೈ ಟೆಕ್ನಾಲಜಿ ಹೈಸ್ಕೂಲು ಲಿಂಕ್ರಾಫ್ಟ್‌ನಲ್ಲಿ, ಯೂನಿಯನ್ ಕೌಂಟಿಯ ಮ್ಯಾಗ್ನೆಟ್ ಸ್ಕಾಚ್ ಪ್ಲೇನ್ಸ್‌ನಲ್ಲಿ. ಅರ್ಜಿ ಹಾಕೋದು ಎಂಟನೇ ಗ್ರೇಡಿನಲ್ಲಿ. ಆಯಾ ಕೌಂಟಿಯ ಮಕ್ಕಳಿಗೇ ಪ್ರವೇಶ, ಹಾಗಾಗಿ ಹೊಸ ಮನೆ ಕೌಂಟಿ ಗಡಿಯ ಆಚೆ ಇದ್ದರೆ ಎಡಿಸನ್ನಿನದು ಕೈತಪ್ಪುತ್ತೆ. ಮನೆ ನೋಡುವಾಗ ಅಡುಗೆಮನೆ ಗ್ರಾನೈಟ್ ನೋಡಿದಷ್ಟೇ ಗಮನವಾಗಿ ಮ್ಯಾಪಿನಲ್ಲಿ ಆ ಗೆರೆ ನೋಡಿ.

ಮನೆಯಲ್ಲಿ ಕನ್ನಡ ಓದಿಸಿ, ಬರೆಸುತ್ತಿದ್ದರೆ ಬಿಡಬೇಡಿ. ಎರಡು ಭಾಷೆ ಚೆನ್ನಾಗಿ ಬಲ್ಲ ಮಕ್ಕಳ ಡಿಪ್ಲೊಮಾದ ಮೇಲೆ ‘ಸೀಲ್ ಆಫ್ ಬೈಲಿಟರಸಿ’ ಅಂತ ಮುದ್ರೆ ಹಾಕುವ ಪದ್ಧತಿ 2011ರಲ್ಲಿ ಕ್ಯಾಲಿಫೋರ್ನಿಯಾ ಕಾನೂನಿನಿಂದ ಶುರುವಾಗಿ ನ್ಯೂಜೆರ್ಸಿಗೂ ಬಂದಿದೆ. ಸ್ಪ್ಯಾನಿಷ್, ಫ್ರೆಂಚ್ ಎರಡೇ ಭಾಷೆ ಇರುವ ಸಣ್ಣ ಸ್ಕೂಲಿನಲ್ಲಿ ಕನ್ನಡಕ್ಕೆ ಆ ಮುದ್ರೆ ಕೇಳುವವರಲ್ಲಿ ನಿಮ್ಮ ಮಗಳೇ ಮೊದಲಿಗಳಾಗಬಹುದು. ಕೌನ್ಸೆಲರ್ ಹತ್ತಿರ ಒಂಬತ್ತನೆಯದರಲ್ಲೇ ಹೇಳಿಟ್ಟಿರಿ.

ನನ್ನ ಅಭಿಪ್ರಾಯ ಕೇಳಿದರೆ, ಮ್ಯಾತ್ ದಾರಿ ಮುಚ್ಚಿಲ್ಲ, ಆಪ್ಷನ್ ಟೂ ನಿಜವಾಗಿ ನಡೆಯುತ್ತಿದೆ ಅಂತ ಗೊತ್ತಾದರೆ ಆ ಮನೆ ತಗೊಳ್ಳಿ ಅಂತೀನಿ. ಎರಡರಲ್ಲಿ ಒಂದಕ್ಕೆ ಉತ್ತರ ಅಡ್ಡಾದಿಡ್ಡಿ ಬಂದರೂ ಎಡಿಸನ್ ಬಿಡಬೇಡಿ.

ಗೈಡೆನ್ಸ್ ಆಫೀಸಿಗೆ ಫೋನ್ ಮಾಡಿ, ನಾವು ಈ ಊರಿಗೆ ಬರೋ ಯೋಚನೆಯಲ್ಲಿದ್ದೇವೆ ಅನ್ನಿ. ಈ ವರ್ಷದ ಮಾಸ್ಟರ್ ಷೆಡ್ಯೂಲ್ ತೋರಿಸ್ತೀರಾ ಅಂತ ಕೇಳಿ. ಮೇಷ್ಟ್ರುಗಳ ಹೆಸರು ಅಳಿಸಿ ಕೊಟ್ಟರೂ ಪರವಾಗಿಲ್ಲ. ಹಾಳೆ ಕೈಗೆ ಬಂದ ಮೇಲೆ ಒಂದು ಪೆನ್ಸಿಲ್ ತಗೊಂಡು, ಮೊದಲು ಆರ್ಕೆಸ್ಟ್ರಾ ಎಷ್ಟನೇ ಪೀರಿಯಡ್ ಅಂತ ಹುಡುಕಿ ಗುಂಡು ಸುತ್ತಿ. ಆಮೇಲೆ ಅದೇ ಸಾಲಿನಲ್ಲಿ ಬೇರೆ ಏನೇನಿದೆ ಅಂತ ಓದುತ್ತಾ ಹೋಗಿ.